'ಲಿಮಿಟೆಡ್' ಸ್ಟೌಟ್ ಅಂತ ಬೋರ್ಡ್ ಹಾಕೋರೇ, ತಾರೀಖು ಹಾಕೋಕೆ ಏನು ದಾಡಿ?

ಬೆಂಗಳೂರಿನ ಬ್ರೂವರಿಗಳಲ್ಲಿ ಈಗ ಯಾವ ಸ್ಟೌಟ್ (ಹುರಿದ ಬಾರ್ಲಿಯ ಕರಿ ಬಿಯರ್) 'ಲಿಮಿಟೆಡ್' ಅಲ್ಲ ಹೇಳಿ ನೋಡೋಣ. ಸಾವಿರ ಲೀಟರ್ ಟ್ಯಾಂಕಿನಲ್ಲಿ ಮಾಡಿ ಎರಡು ತಿಂಗಳು ಆರಾಮಾಗಿ ಮಾರೋ ಮಾಮೂಲಿ ಸ್ಟೌಟಿಗೂ ಅದೇ ಹಣೆಪಟ್ಟಿ, 20 ಲೀಟರಿನ ಒಂದೇ ಒಂದು ಕೆಗ್ (ಬಿಯರ್ ತುಂಬಿಡೋ ಲೋಹದ ಪೀಪಾಯಿ) ಇಟ್ಟುಕೊಂಡು ಊರಿಗೆಲ್ಲ ಡಂಗುರ ಹೊಡೆಯೋದಕ್ಕೂ ಅದೇ ಹಣೆಪಟ್ಟಿ. ಎಷ್ಟು ಲೀಟರ್ ಇದೆ, ಯಾವತ್ತು ಕೆಗ್ ತುಂಬಿದ್ದು, ಯಾವತ್ತು ಟ್ಯಾಪಿಗೆ ಹಾಕಿದ್ದು, ಇಷ್ಟು ಹೇಳಿದರೆ ಸಾಕು. ಅದನ್ನ ಮಾತ್ರ ಬರೆಯಲ್ಲ. ಕರಿ ಹಲಗೆ ಮೇಲೆ ಕರಡಿ, ಖಡ್ಗ, ರಷ್ಯದ ಕಿರೀಟ ಎಲ್ಲ ಬಿಡಿಸೋಕೆ ಪುರುಸೊತ್ತಿದೆ.

ಲೀಟರ್ ಯಾಕೆ ಮುಖ್ಯ ಅಂದ್ರೆ ಯಾವಾಗ ಹೊರಡಬೇಕು ಅನ್ನೋದು ಅದರ ಮೇಲೇ ನಿಂತಿರೋದು. 20 ಲೀಟರ್ ಕೆಗ್‌ನಲ್ಲಿ ಪೈಪಿಗೂ ನೊರೆಗೂ ಒಂದೆರಡು ಲೀಟರ್ ಹೋಯ್ತು ಅಂದ್ಕೊಳ್ಳಿ, ಉಳಿದ 18ರಲ್ಲಿ 300 ಎಂಎಲ್ ಲೆಕ್ಕಕ್ಕೆ 60 ಗ್ಲಾಸು. ಶನಿವಾರ ಸಂಜೆ ಎರಡು ದೊಡ್ಡ ಟೇಬಲ್ ಬಂದು ಕೂತರೆ ಮುಗೀತು. ವಿಸ್ಕಿ ಬ್ಯಾರೆಲ್‌ನಿಂದ ಬಂದ ಸ್ಟೌಟ್ ಆದ್ರೆ, ಬೂರ್ಬನ್ (ಅಮೆರಿಕದ ವಿಸ್ಕಿ) ಬ್ಯಾರೆಲ್ಲು ಹಿಡಿಯೋದೇ ಸುಮಾರು 200 ಲೀಟರ್. ಆವಿಯಾಗಿ ಹೋಗೋದು, ತಳದ ಗಸಿ ಎಲ್ಲ ಕಳೆದು 170-180 ಸಿಕ್ಕರೆ ಹೆಚ್ಚು, ಅಂದ್ರೆ 600 ಗ್ಲಾಸಿನ ಒಳಗೆ. ಮೊದಲ ವಾರದಲ್ಲೇ ಹೋಗಬೇಕು. ಸಾವಿರ ಲೀಟರ್ ಟ್ಯಾಂಕ್ ಆದ್ರೆ 3,300 ಗ್ಲಾಸು. ಯಾವ ಆತುರಾನೂ ಬೇಡ, ಮಂಗಳವಾರ ಮಧ್ಯಾಹ್ನ ಹೋಗಿ ನೆಮ್ಮದಿಯಾಗಿ ಕುಡಿಯಬಹುದು. ಈ ಮೂರಕ್ಕೂ ಒಂದೇ ಪದ ಬಳಸಿ ಜನರನ್ನ ಓಡಿಸೋದು ಕಿವಿಗೆ ಹೂ ಇಡೋ ಕೆಲಸ, ಬೇರೇನಲ್ಲ.

ಓಡಿಸೋದು ಅಂದ್ರೆ ಎಲ್ಲಿಂದ ಎಲ್ಲಿಗೆ ಅಂತ ಇವರಿಗೆ ಗೊತ್ತಿಲ್ವಾ? ಸುದ್ದಿ ಬರೋದು ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ. 24 ಗಂಟೆಗೆ ಮಾಯ. ಜಯನಗರದೋನು ಅದನ್ನ ನೋಡಿ, ಹಸಿರು ಲೈನ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ನೇರಳೆ ಲೈನ್‌ನಲ್ಲಿ ವೈಟ್‌ಫೀಲ್ಡ್ ತನಕ ನಿಂತುಕೊಂಡು ಹೋದರೆ "ನಿನ್ನೇನೇ ಖಾಲಿ ಆಯ್ತು ಸರ್, ಸ್ಟೋರಿ ಡಿಲೀಟ್ ಮಾಡೋಕೆ ಮರೆತಿದ್ವಿ". ಕಾರು ತಗೊಂಡು ಹೋಗಿ ಅನ್ನೋ ಹಾಗೂ ಇಲ್ಲ. 100 ಎಂಎಲ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಮೊದಲನೇ ಸಲಕ್ಕೇ 10,000 ರೂಪಾಯಿ ದಂಡ, ಜೈಲೂ ಆಗಬಹುದು. ಗಟ್ಟಿ ಸ್ಟೌಟು ಒಂದು ಗ್ಲಾಸಿಗೇ ಆ ಗೆರೆಯ ಹತ್ತಿರ ಕರ್ಕೊಂಡು ಹೋಗುತ್ತೆ.

ಅದಕ್ಕೇ ಹೊರಡೋ ಮುಂಚೆ ಫೋನ್ ಮಾಡಿ. ಆದ್ರೆ ಟೇಬಲ್ ಬುಕ್ ಮಾಡೋರ ಹತ್ತಿರ ಸ್ಟೌಟ್ ವಿಚಾರ ಕೇಳಬೇಡಿ, ಅವರು ಎಲ್ಲದಕ್ಕೂ "ಇದೆ ಸರ್, ಬನ್ನಿ" ಅಂತಾರೆ. ಬ್ರೂವರ್ ಅಥವಾ ಬಾರ್ ಮ್ಯಾನೇಜರ್ ಲೈನಿಗೆ ಬರಲಿ. ಸಂಜೆ ನಾಲ್ಕರ ಹೊತ್ತಿಗೆ ಮಾಡಿ, ಆಗ ಅವರಿಗೂ ಬಿಡುವಿರುತ್ತೆ. ಕೇಳಬೇಕಾದ್ದು ಇಷ್ಟೇ: ಈಗ ಟ್ಯಾಪಿನಲ್ಲಿ ಇದೆಯಾ ಅಥವಾ ಕೋಲ್ಡ್ ರೂಮಿನಲ್ಲಿ ಇದೆಯಾ, ಇನ್ನೆಷ್ಟು ಕೆಗ್ ಉಳಿದಿದೆ, ನೈಟ್ರೋನಾ (ನೈಟ್ರೋಜನ್ ಬೆರೆಸಿದ ಗ್ಯಾಸಿನಿಂದ ತಳ್ಳೋದು) ಮಾಮೂಲಿ ಗ್ಯಾಸಾ. ಮೂರನೇ ಪ್ರಶ್ನೆಗೆ ತಡವರಿಸಿದರೆ ಮನೆಯಲ್ಲೇ ಇರಿ.

ಸರಿ, ಸಿಕ್ತು ಅಂತಿಟ್ಟುಕೊಳ್ಳಿ. ಆಮೇಲಿನದು ಇನ್ನೂ ಹೊಟ್ಟೆ ಉರಿಸುತ್ತೆ.

ಲಾಗರ್ (ತಿಳಿ ಬಣ್ಣದ ಮಾಮೂಲಿ ಬಿಯರ್), ವೀಟ್ ಬಿಯರ್ ಇರೋ ಕೋಲ್ಡ್ ರೂಮಿನಲ್ಲೇ ಸ್ಟೌಟ್ ಕೆಗ್ಗೂ ಇರುತ್ತೆ, 3-4 ಡಿಗ್ರಿಯಲ್ಲಿ. ಅದು ಸಾಲದು ಅಂತ ಫ್ರೀಜರಿನಿಂದ ತೆಗೆದ, ಮಂಜು ಕಟ್ಟಿದ ಮಗ್ಗಿಗೆ ಹುಯ್ದು ತರ್ತಾರೆ. ಗಟ್ಟಿ ಸ್ಟೌಟಿಗೆ 10ರಿಂದ 13 ಡಿಗ್ರಿ ಬೇಕು, ಸಾದಾ ಡ್ರೈ ಸ್ಟೌಟಿಗೂ 7-8 ಆದ್ರೂ ಬೇಕು. ತಣ್ಣಗಿದ್ದಷ್ಟೂ ಪರಿಮಳ ಮೇಲೇಳಲ್ಲ, ಸಿಹಿ ನಾಲಿಗೆಗೆ ಗೊತ್ತಾಗಲ್ಲ, ಹುರಿದ ಕಾಳಿನ ಕಹಿ ಮತ್ತು ಒಗರು ಮಾತ್ರ ಎದ್ದು ನಿಲ್ಲುತ್ತೆ. "ಸ್ಟೌಟ್ ಅಂದ್ರೆ ಬರೀ ಸುಟ್ಟ ವಾಸನೆ" ಅಂತ ಮುಖ ಸಿಂಡರಿಸೋರಲ್ಲಿ ಅರ್ಧ ಜನ ಕುಡಿದಿರೋದು ಈ ಐಸ್ ನೀರಿನಂಥ ಸ್ಟೌಟನ್ನೇ. ಮೊದಲೇ ಹೇಳಿ: ಮಾಮೂಲಿ ಗ್ಲಾಸು, ಫ್ರೀಜರಿನದ್ದು ಬೇಡ, ಸಾಧ್ಯ ಇದ್ರೆ ಬಾಯಿ ಕಿರಿದಾದ ವೈನ್ ಗ್ಲಾಸು ಕೊಡಿ. ತಂದಮೇಲೆ ಒಂದು ಗುಟುಕು ಕುಡಿದು, ಅಂಗೈಯಲ್ಲಿ ಹಿಡಿದು ಕಾಲು ಗಂಟೆ ಬಿಡಿ. ಎರಡನೇ ಗುಟುಕು ಬೇರೆ ಬಿಯರೇ ಅನ್ನಿಸಿದರೆ ಬ್ರೂವರ್ ಮೇಲೆ ಸಿಟ್ಟಾಗಬೇಡಿ, ಬಾರಿನೋರ ಮೇಲೆ ಆಗಿ.

ಗ್ಯಾಸಿನ ಕಥೆ ಬೇರೆ. ಸ್ಟೌಟಿಗೆ ಕಾರ್ಬನ್ ಡೈಆಕ್ಸೈಡ್ 2 ವಾಲ್ಯೂಮ್ (ಲೀಟರ್ ಬಿಯರಿಗೆ ಎರಡು ಲೀಟರ್ ಗ್ಯಾಸ್) ಆಸುಪಾಸಿನಲ್ಲಿದ್ದರೆ ಸಾಕು. ಇಲ್ಲಿ ಎಲ್ಲ ಟ್ಯಾಂಕಿಗೂ ಒಂದೇ ಒತ್ತಡ, ಹಾಗಾಗಿ ಲಾಗರ್ ಥರ 2.6ರಲ್ಲಿ ಚುರ್ ಅನ್ನುತ್ತೆ. ಹುರಿದ ಬಾರ್ಲಿಗೆ ಮೊದಲೇ ಒಂದು ಹುಳಿ ಇದೆ, ಅದರ ಮೇಲೆ ಈ ಗ್ಯಾಸಿನ ಹುಳಿ ಸೇರಿದರೆ ನಾಲಿಗೆಗೆ ಬ್ಲೇಡ್ ಹಾಕಿದ ಹಾಗೆ. ಗ್ಲಾಸನ್ನ ಚೆನ್ನಾಗಿ ಗಿರಗಿರ ತಿರುಗಿಸಿ ಗ್ಯಾಸ್ ಬಿಟ್ಟು ಕುಡಿಯೋದು ಬಿಟ್ಟರೆ ದಾರಿಯಿಲ್ಲ.

ಇನ್ನು ನೈಟ್ರೋ. ಗಿನ್ನೆಸ್‌ನೋರು 1959ರಲ್ಲೇ ಮಾಡಿ ತೋರಿಸಿದ ವಿದ್ಯೆ, ಹೊಸದೇನಲ್ಲ. ಬಿಯರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ ಇರಬೇಕು, 1.2ರಿಂದ 1.5 ವಾಲ್ಯೂಮ್. ತಳ್ಳೋ ಗ್ಯಾಸಿನಲ್ಲಿ ಸುಮಾರು 75 ಭಾಗ ನೈಟ್ರೋಜನ್, 25 ಭಾಗ ಕಾರ್ಬನ್ ಡೈಆಕ್ಸೈಡ್. ಒತ್ತಡ 30-35 ಪಿಎಸ್‌ಐ. ಟ್ಯಾಪಿನ ಮೂತಿಯೊಳಗೆ ಸಣ್ಣ ತೂತುಗಳಿರೋ ಒಂದು ಬಿಲ್ಲೆ ಇರುತ್ತೆ, ಬಿಯರು ಅದರ ಮೂಲಕ ನುಗ್ಗಿ ಬಂದಾಗಲೇ ಆ ಕೆನೆ ಕಟ್ಟೋದು. ನಮ್ಮಲ್ಲಿ ಏನಾಗುತ್ತೆ? ಮಾಮೂಲಿ ಗ್ಯಾಸ್ ತುಂಬಿದ ಕೆಗ್ಗನ್ನೇ ನೈಟ್ರೋ ಟ್ಯಾಪಿಗೆ ಸಿಕ್ಕಿಸ್ತಾರೆ, ಗ್ಲಾಸ್ ತುಂಬ ನೊರೆ, ಅರ್ಧ ಕೆಗ್ ಚರಂಡಿಗೆ. ಇಲ್ಲಾ ಬರೀ ನೈಟ್ರೋಜನ್ ಸಿಲಿಂಡರ್ ಕೊಡ್ತಾರೆ, ನಾಲ್ಕೈದು ದಿನಕ್ಕೆ ಬಿಯರಿನ ಒಳಗಿದ್ದ ಗ್ಯಾಸೂ ಹೊರಟುಹೋಗಿ ಚಪ್ಪೆ ಕಷಾಯ. ಅಥವಾ ಆ ಬಿಲ್ಲೆ ತೆಗೆದು ತೊಳೆದೇ ಇಲ್ಲ, ತೂತು ಕಟ್ಟಿಕೊಂಡಿದೆ. ಹುಯ್ದ ತಕ್ಷಣ ನೋಡಿ: ಗ್ಲಾಸಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕೆಳಕ್ಕೆ ಇಳಿಯೋ ಹಾಗೆ ಕಾಣಬೇಕು, ಒಂದೆರಡು ನಿಮಿಷದಲ್ಲಿ ಕರಿ ಬಿಳಿ ಬೇರೆಯಾಗಬೇಕು, ಕೆನೆ ಕೊನೇ ಗುಟುಕಿನ ತನಕ ಇರಬೇಕು. ದಪ್ಪ ಗುಳ್ಳೆ ಮೇಲಕ್ಕೆ ಏಳ್ತಾ ಇದ್ದರೆ ಅದು ನೈಟ್ರೋ ಅಲ್ಲ, ವಾಪಸ್ ಕಳಿಸಿ. (ತೆಂಗಿನಕಾಯಿ ಹಾಕಿದ ಸ್ಟೌಟಿಗೆ ಮಾತ್ರ ಈ ವಿಷಯದಲ್ಲಿ ರಿಯಾಯಿತಿ ಕೊಡಿ. ಕಾಯೆಣ್ಣೆ ನೊರೆಯನ್ನ ಕೊಲ್ಲುತ್ತೆ, ಟ್ಯಾಪಿನ ತಪ್ಪಲ್ಲ.)

ಪೈಪು ತೊಳೆಯೋದನ್ನಂತೂ ಕೇಳಲೇಬೇಡಿ. ಎರಡು ವಾರಕ್ಕೊಮ್ಮೆ ಕಾಸ್ಟಿಕ್ ಹಾಕಿ ತೊಳೀಬೇಕು. ತಿಳಿ ಬಿಯರಿನಲ್ಲಿ ಕೊಳೆಯಾದರೆ ಮಬ್ಬು ಕಣ್ಣಿಗೆ ಬೀಳುತ್ತೆ, ಸ್ಟೌಟಿನಲ್ಲಿ ಏನೂ ಕಾಣಲ್ಲ, ಅದೇ ಇವರಿಗೆ ಅನುಕೂಲ. ಬೆಣ್ಣೆ ವಾಸನೆ ಬಂದರೆ "ಟಾಫಿ ನೋಟ್ ಸರ್" ಅಂತಾರೆ. ಅದು ಡೈಅಸಿಟೈಲ್. ಒಂದೋ ಹುದುಗು ಮುಗಿಯೋ ಮುಂಚೆ ಟ್ಯಾಂಕ್ ತಣ್ಣಗೆ ಮಾಡಿದ್ದಾರೆ, ಇಲ್ಲಾ ಪೈಪಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿದೆ. ಸೋಯಾ ಸಾಸ್ ವಾಸನೆ ಬಂದರೆ ಯೀಸ್ಟು ಸತ್ತು ಕರಗಿದೆ ಅಂತ ಅರ್ಥ, ಗಸಿಯ ಮೇಲೆ ಬಹಳ ದಿನ ಬಿಟ್ಟಿದ್ದಾರೆ. ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕ ಸೇರಿದೆ. ಈ ಕೊನೆಯದು ಗ್ರೌಲರಿನಲ್ಲಿ (ಮನೆಗೆ ಬಿಯರ್ ಒಯ್ಯೋ ದೊಡ್ಡ ಬಾಟಲಿ) ಜಾಸ್ತಿ: ಒಳಗಿನ ಗಾಳಿಯನ್ನ ಕಾರ್ಬನ್ ಡೈಆಕ್ಸೈಡಿನಿಂದ ಹೊರಹಾಕದೆ ಟ್ಯಾಪಿನಿಂದ ನೇರ ಬುಳಬುಳ ಅಂತ ತುಂಬ್ತಾರೆ, ಎರಡು ದಿನಕ್ಕೆ ಕೆಟ್ಟಿರುತ್ತೆ.

'ಇಂಪೀರಿಯಲ್' ಅನ್ನೋ ಪದಕ್ಕೆ ಬರೋಣ. 18ನೇ ಶತಮಾನದಲ್ಲಿ ಲಂಡನ್ನಿನಿಂದ ರಷ್ಯದ ಅರಮನೆಗೆ ಹೋಗ್ತಿದ್ದ ಗಟ್ಟಿ ಸ್ಟೌಟಿನಿಂದ ಬಂದ ಹೆಸರು, ಇವತ್ತು ಅಮೆರಿಕದಲ್ಲಿ 10, 12 ಪರ್ಸೆಂಟ್ ಆಲ್ಕೋಹಾಲ್ ಸಾಮಾನ್ಯ. ನಮ್ಮ ದೇಶದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರ ಮಾನದಂಡದ ಪ್ರಕಾರ ಸ್ಟ್ರಾಂಗ್ ಬಿಯರಿಗೇ 8 ಪರ್ಸೆಂಟ್ ಮಿತಿ. ಹಾಗಾಗಿ ಇಲ್ಲಿಯ ಇಂಪೀರಿಯಲ್ ಎಷ್ಟೇ ಎಗರಿದರೂ 8. ಅದರ ಬಗ್ಗೆ ತಕರಾರಿಲ್ಲ, ಕಾನೂನು ಕಾನೂನೇ. ತಕರಾರು ಇರೋದು "ಕಾನೂನಿನಿಂದ ತೆಳ್ಳಗಾಗುತ್ತೆ ಸರ್" ಅನ್ನೋ ನೆಪಕ್ಕೆ. ಸುಳ್ಳು. ಶುರುವಿನ ಗ್ರಾವಿಟಿ (ಸಕ್ಕರೆ ಕರಗಿದ ದ್ರವ ನೀರಿಗಿಂತ ಎಷ್ಟು ಗಟ್ಟಿ ಅನ್ನೋ ಅಳತೆ) 1.088, ಕೊನೆಯದು 1.028 ಇಟ್ಟರೆ ವ್ಯತ್ಯಾಸ 0.060, ಅದನ್ನ 131.25ರಿಂದ ಗುಣಿಸಿ: 7.9 ಪರ್ಸೆಂಟ್. ಕಾನೂನಿನ ಒಳಗೇ ಇದೆ, ಮಂದವಾಗಿಯೂ ಇದೆ. ಮ್ಯಾಶನ್ನ (ಮಾಲ್ಟು, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಕಾಳನ್ನ, ಬಿಸಿನೀರಲ್ಲಿ ನೆನೆಸೋದು) 68-69 ಡಿಗ್ರಿಯಲ್ಲಿ ಮಾಡಬೇಕು, ಓಟ್ಸ್ ಹಾಕಬೇಕು, ಮಾಲ್ಟಿಗೆ ದುಡ್ಡು ಖರ್ಚು ಮಾಡಬೇಕು. ಅದರ ಬದಲು 65ರಲ್ಲಿ ಮ್ಯಾಶ್ ಮಾಡಿ, ಮೇಲೆ ಬೆಲ್ಲ ಸುರಿದು 8 ತಲುಪಿಸ್ತಾರೆ. ಬೆಲ್ಲದ ಸಕ್ಕರೆಯನ್ನ ಯೀಸ್ಟು ಪೂರ್ತಿ ತಿಂದುಹಾಕುತ್ತೆ, ಸಿಹಿಯೂ ಉಳಿಯಲ್ಲ, ಮೈಯೂ ಉಳಿಯಲ್ಲ, ಗಂಟಲಿಗೆ ಬಿಸಿ ಮಾತ್ರ. ಹೆಸರು ಕ್ಷೀರಸಾಗರ, ಮಜ್ಜಿಗೆಗೂ ಗತಿಯಿಲ್ಲ.

ನೀರಿನ ವಿಚಾರಾನೂ ಇಲ್ಲೇ ಹೇಳಿಬಿಡಬೇಕು. ಇವತ್ತು ಕಾವೇರಿ, ನಾಳೆ ಬೋರ್‌ವೆಲ್, ನಾಡಿದ್ದು ಟ್ಯಾಂಕರ್ ಅನ್ನೋ ಊರಿನಲ್ಲಿ ಆರ್‌ಓ ಹಾಕೋದು ಸರಿಯೇ. ಆದ್ರೆ ಖನಿಜವೇ ಇಲ್ಲದ ಆರ್‌ಓ ನೀರಿಗೆ ಹತ್ತು ಪರ್ಸೆಂಟ್ ಕರಿ ಮಾಲ್ಟ್ ಹಾಕಿದರೆ ಮ್ಯಾಶಿನ ಪಿಎಚ್ ಬೇಕಾದ್ದಕ್ಕಿಂತ ಕೆಳಗೆ ಜಾರಬಹುದು, ಸ್ಟೌಟು ತೆಳುವಾಗಿ, ಚುಚ್ಚೋ ಹುಳಿಯಾಗಿ ಬರುತ್ತೆ. ಒಂದು ಚೂರು ಅಡುಗೆ ಸೋಡಾ ಹಾಕಿ 5.4-5.5ಕ್ಕೆ ತಂದರೆ ಮುಗೀತು, ಇಲ್ಲಾ ಕರಿ ಮಾಲ್ಟನ್ನ ಮ್ಯಾಶಿನ ಕೊನೆಯಲ್ಲಿ ಸೇರಿಸಿದರೂ ಆಯ್ತು. ವೀಟ್ ಬಿಯರಿನ ನೀರಲ್ಲೇ ಸ್ಟೌಟೂ ಮಾಡ್ತೀವಿ ಅನ್ನೋರಿಗೆ ಪಿಎಚ್ ಮೀಟರ್ ಕೊಳ್ಳೋ ಯೋಗ್ಯತೆ ಇಲ್ಲ ಅಂತಲ್ಲ, ಆಸಕ್ತಿ ಇಲ್ಲ.

ಬ್ಯಾರೆಲ್ ಏಜ್ಡ್ (ಮರದ ಪೀಪಾಯಿಯಲ್ಲಿ ಮಾಗಿಸಿದ್ದು) ಅಂತ ಬರೆದಿದ್ದರೆ ಎಷ್ಟು ದಿನ, ಯಾವ ಬ್ಯಾರೆಲ್, ಎಲ್ಲಿಟ್ಟಿದ್ರಿ ಅಂತ ಕೇಳಲೇಬೇಕು. ಸ್ಕಾಟ್ಲೆಂಡಿನಲ್ಲಿ ವಿಸ್ಕಿ ವರ್ಷಕ್ಕೆ 2 ಪರ್ಸೆಂಟ್ ಆಸುಪಾಸು ಆವಿಯಾದರೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯೋರು ಹೇಳೋ ಲೆಕ್ಕ 10-12 ಪರ್ಸೆಂಟ್. ಮರ ಇಲ್ಲಿ ಅಷ್ಟು ಚುರುಕಾಗಿ ಕೆಲಸ ಮಾಡುತ್ತೆ. ವಿಸ್ಕಿ ಅದನ್ನ ತಾಳುತ್ತೆ, 8 ಪರ್ಸೆಂಟಿನ ಬಿಯರ್ ತಾಳಲ್ಲ. ಬ್ಯಾರೆಲ್‌ನಲ್ಲಿ ಖಾಲಿ ಜಾಗ ಆದಷ್ಟೂ ಗಾಳಿ, ಗಾಳಿ ಇದ್ದಷ್ಟೂ ವಿನೆಗರ್ ಬ್ಯಾಕ್ಟೀರಿಯಾ. ಎಸಿ ಕೋಣೆಯಲ್ಲಿಟ್ಟು, ಎರಡು ವಾರಕ್ಕೊಮ್ಮೆ ರುಚಿ ನೋಡಿ, ಕಡಿಮೆಯಾದಷ್ಟು ತುಂಬಿಸ್ತಾ ಇರಬೇಕು. ಮಹಡಿ ಮೆಟ್ಟಿಲ ಕೆಳಗೆ ಅಲಂಕಾರಕ್ಕೆ ಅಂತ ಬ್ಯಾರೆಲ್ ಇಟ್ಟು ಏಪ್ರಿಲ್ ಪೂರ್ತಿ ಬೇಯಿಸಿ, ಆಮೇಲೆ ಹುಳಿಯಾಗಿದ್ದನ್ನ 'ವೈಲ್ಡ್ ಸ್ಟೌಟ್' ಅಂತ ಹೆಸರಿಟ್ಟು ಜಾಸ್ತಿ ರೇಟಿಗೆ ಮಾರೋದಿದೆಯಲ್ಲ, ಅದಕ್ಕೆ ಏನನ್ನಬೇಕೋ. ವಿಸ್ಕಿಯಲ್ಲಿ ನೆನೆಸಿದ ಓಕ್ ಚೂರು ಹಾಕೋದು ತಪ್ಪಲ್ಲ, ಎಷ್ಟೋ ಸಲ ರುಚಿ ಅದೇ ಚೆನ್ನಾಗಿರುತ್ತೆ. ಅದನ್ನ ಓಕ್ ಚೂರು ಅಂತಲೇ ಬರೆಯಿರಿ.

ಕಾಫಿ ಸ್ಟೌಟಿನಲ್ಲಿ ನಮ್ಮನ್ನ ಮೀರಿಸೋರು ಇರಬಾರದಿತ್ತು. ಚಿಕ್ಕಮಗಳೂರು ನಾಲ್ಕೈದು ಗಂಟೆ ದಾರಿ. ಆದ್ರೆ ಬೀಜವನ್ನ ಹುಡಿ ಮಾಡಿ ಕುದಿಯೋ ವರ್ಟಿಗೆ (ಇನ್ನೂ ಹುದುಗು ಬರದ ಮಾಲ್ಟಿನ ರಸ) ಸುರಿದು ಒಗರು ಹಿಂಡ್ತಾರೆ. ಇಡೀ ಬೀಜ ಹಾಕಿ ತಣ್ಣಗಿನ ಟ್ಯಾಂಕಿನಲ್ಲಿ ಒಂದೆರಡು ದಿನ, ಇಲ್ಲಾ ಕೆಗ್ ತುಂಬೋವಾಗ ಕೋಲ್ಡ್ ಬ್ರೂ, ಅಷ್ಟೇ ಕೆಲಸ. ಮತ್ತೆ ಇದು ಹೊಸದಾಗಿದ್ದಾಗಲೇ ಕುಡಿಯೋ ಬಿಯರ್. ಹಳತಾದರೆ ಕಾಫಿ ಹೋಗಿ ದೊಣ್ಣೆ ಮೆಣಸಿನಕಾಯಿ ವಾಸನೆ ಉಳಿಯುತ್ತೆ. ಕೆಗ್ ತುಂಬಿದ ತಾರೀಖು ಬರೀರಿ ಅಂತ ಬಡ್ಕೊಳ್ಳೋದು ಇದಕ್ಕೇ. ಹಾಲಿನ ಸಕ್ಕರೆ, ಅಂದ್ರೆ ಲ್ಯಾಕ್ಟೋಸ್, ಹಾಕಿದ್ದರೆ ಅದನ್ನೂ ಬರೀರಿ. ಅದು ಎಷ್ಟೋ ಜನರ ಹೊಟ್ಟೆಗೆ ಆಗಲ್ಲ.

ಎಲ್ಲಕ್ಕಿಂತ ತಲೆ ಕೆಡೋದು ಅಳತೆ ವಿಚಾರಕ್ಕೆ. 8 ಪರ್ಸೆಂಟಿನ ಸ್ಟೌಟನ್ನ 500 ಎಂಎಲ್ ಪಿಂಟಿನಲ್ಲಿ ಕೊಡೋದು ಅಂದ್ರೆ 40 ಎಂಎಲ್ ಶುದ್ಧ ಆಲ್ಕೋಹಾಲ್. 42.8 ಪರ್ಸೆಂಟಿನ ವಿಸ್ಕಿ 60 ಎಂಎಲ್ ಪೆಗ್ಗಿನಲ್ಲಿ ಇರೋದು 25.7. ಒಂದೂವರೆ ಪೆಗ್ಗಿಗಿಂತ ಜಾಸ್ತಿಯನ್ನ ಒಂದೇ ಗ್ಲಾಸಿನಲ್ಲಿ ಹುಯ್ದು ಕೈಗೆ ಕೊಡ್ತಾರೆ, ಅರ್ಧ ಕುಡಿಯೋಷ್ಟರಲ್ಲಿ ನಾಲಿಗೆ ಜಡ್ಡುಗಟ್ಟಿ ರುಚಿಯೇ ತಿಳಿಯಲ್ಲ. ಬೇಕಾಗಿರೋದು 150, ಹೆಚ್ಚಂದ್ರೆ 200 ಎಂಎಲ್. ಟೇಸ್ಟರ್ ಟ್ರೇಯಲ್ಲಿ (ರುಚಿ ನೋಡೋಕೆ ಸಣ್ಣ ಗ್ಲಾಸುಗಳ ತಟ್ಟೆ) ಕೊಡಿ ಅಂದ್ರೆ "ಲಿಮಿಟೆಡ್ ಅಲ್ವಾ ಸರ್, ಟ್ರೇನಲ್ಲಿ ಬರಲ್ಲ". ಇರೋದೇ ಸ್ವಲ್ಪ ಅಂದಮೇಲೆ ಸಣ್ಣ ಗ್ಲಾಸಿನಲ್ಲಿ ಜಾಸ್ತಿ ಜನಕ್ಕೆ ಕೊಡಬೇಕೋ, ದೊಡ್ಡ ಗ್ಲಾಸಿನಲ್ಲಿ ನಾಲ್ಕು ಜನಕ್ಕೆ ಮುಗಿಸಬೇಕೋ? ಎಂಎಲ್ ಲೆಕ್ಕದಲ್ಲಿ ಡಬಲ್ ರೇಟ್ ಹಾಕಿ, ಕೊಡ್ತೀವಿ. ಟ್ರೇಯಲ್ಲಾದ್ರೆ 90 ಎಂಎಲ್ ಹುಯ್ಯಿರಿ ಸಾಕು.