ಪ್ರತ್ಯಕ್ಷವೋ, ಪರೋಕ್ಷವೋ?

ನಮ್ಮ ಚರ್ಚಿನಲ್ಲಿ ಭಾನುವಾರ ಕುರ್ಚಿ ಹಾಕುವವನು ನಾನು. ಎಲ್ಲರೂ ಹೋದ ಮೇಲೆ ಒಂದರ ಮೇಲೊಂದು ಪೇರಿಸಿಡುವವನೂ ನಾನೇ. ಒಂದರೊಳಗೊಂದು ಸಿಕ್ಕಿಕೊಂಡ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಎಳೆದು ಬಿಡಿಸಿದವರಿಗೇ ಗೊತ್ತು, ದೇವರ ಸನ್ನಿಧಿಯಲ್ಲೂ ಬೈಗುಳ ಎಷ್ಟು ಬೇಗ ನಾಲಿಗೆಗೆ ಬರುತ್ತೆ ಅಂತ.

ಮೊನ್ನೆ ವಾರ್ಷಿಕೋತ್ಸವ. ವಂದನಾರ್ಪಣೆಗೆ ನಿಂತವರು ಸಭೆಯ ಹಿರಿಯರೊಬ್ಬರು. ಅವರ ಕೈಗೆ ಮೈಕು ಸಿಕ್ಕಿತೋ, ಮುಗೀತು. 'ಕೊನೆಯದಾಗಿ' ಅಂತ ಐದು ಸಲ ಹೇಳುತ್ತಾರೆ. ಪ್ರತಿ ಕೊನೆಯ ನಂತರವೂ ಜೇಬಿನಿಂದ ಇನ್ನೊಂದು ಚೀಟಿ ಹೊರಗೆ ಬರುತ್ತೆ. ಹಾಡಿದವರಿಗೆ, ಹೂ ಕಟ್ಟಿದವರಿಗೆ, ಬರಲಾಗದೆ ಶುಭಾಶಯ ಕಳಿಸಿದವರಿಗೆ ವಂದನೆ. ಹೋಗದೆ ಉಳಿದ ಕರೆಂಟಿಗೆ ವಂದನೆ. ಬಾರದೆ ಉಪಕಾರ ಮಾಡಿದ ಮಳೆಗೂ ವಂದನೆ.

ನಾನು ಹಿಂದಿನ ಸಾಲಿನಲ್ಲಿ ಮುಖವನ್ನು ಸಿದ್ಧ ಮಾಡಿಕೊಂಡು ಕೂತಿದ್ದೆ. ಹೆಸರು ಕರೆದ ಕೂಡಲೇ 'ಅಯ್ಯೋ, ಇದೆಲ್ಲಾ ಯಾಕೆ' ಅನ್ನುವ ವಿನಯದ ಮುಖ. ಅದನ್ನು ಇಪ್ಪತ್ತು ನಿಮಿಷ ಹಿಡಿದಿಟ್ಟು ದವಡೆ ನೋವು ಬಂತು. ಕಡೆಗೆ ಬಂದದ್ದು ಇಷ್ಟು: "ಹಾಗೂ ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ..."

ನಾನು ಇದರಲ್ಲಿ ಯಾವುದು? ಅವರು ಕೂತಿದ್ದ ಕುರ್ಚಿಯಂತೂ ಪ್ರತ್ಯಕ್ಷವಾಗಿಯೇ ಇತ್ತು. ಬಾರದ ಮಳೆಗೆ ಒಂದು ಇಡೀ ವಾಕ್ಯ, ನನಗೆ ಅರ್ಧವೂ ಇಲ್ಲ!

ಮನೆಗೆ ಬಂದು ಸತ್ಯವೇದ ತೆರೆದೆ. ನಿಜ ಹೇಳಬೇಕೆಂದರೆ, ಅವರಿಗೆ ಚುಚ್ಚುವಂಥ ವಚನ ಸಿಗುತ್ತಾ ಅಂತ ಹುಡುಕುತ್ತಿದ್ದೆ. ಸಿಕ್ಕಿದ್ದು ಗುಬ್ಬಿಗಳು. ಮತ್ತಾಯನ 10ನೇ ಅಧ್ಯಾಯದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ 12ರಲ್ಲಿ ಎರಡು ಕಾಸಿಗೆ ಐದು. ಲೆಕ್ಕದ ಪ್ರಕಾರ ನಾಲ್ಕೇ ಬರಬೇಕು, ಅಲ್ವಾ? ಐದನೆಯದು ಕೊಸರು! ಸುಮ್ನೆ ಮೇಲೆ ಹಾಕಿಕೊಟ್ಟದ್ದು. ಆ ಐದರಲ್ಲಿ ಒಂದನ್ನೂ ದೇವರು ಮರೆತಿಲ್ಲ ಅನ್ನುತ್ತಾರೆ ಯೇಸುಸ್ವಾಮಿ. ಅಂದರೆ ಕೊಸರನ್ನೂ. ಅದರ ಬೆನ್ನಿಗೇ, ನಿಮ್ಮ ತಲೆಕೂದಲೆಲ್ಲಾ ಎಣಿಕೆಯಾಗಿದೆ ಅನ್ನುವ ಮಾತು. ನನ್ನ ಬಾಚಣಿಗೆ ನೋಡಿದರೆ, ದೇವರಿಗೆ ದಿನಾ ಲೆಕ್ಕ ತಿದ್ದುವ ಕೆಲಸ ಜಾಸ್ತಿಯೇ ಇರಬೇಕು.

ಯೋಹಾನನ 20ನೇ ಅಧ್ಯಾಯದಲ್ಲಿ ಇನ್ನೊಂದು ಸಣ್ಣ ವಿಷಯವಿದೆ. ಯೇಸುಸ್ವಾಮಿ ಸಾವಿನಿಂದ ಎದ್ದ ಬೆಳಿಗ್ಗೆ ಶಿಷ್ಯ ಪೇತ್ರ ಓಡಿ ಬಂದು ಅವರ ಬರಿದಾದ ಸಮಾಧಿಯೊಳಗೆ ನೋಡಿದರೆ, ತಲೆಗೆ ಸುತ್ತಿದ್ದ ಬಟ್ಟೆಯನ್ನು ಸುತ್ತಿ ಬೇರೆ ಕಡೆ ಇಟ್ಟಿತ್ತು. ಅಂಥ ಬೆಳಿಗ್ಗೆಯಲ್ಲೂ ಒಂದು ಬಟ್ಟೆ ಸುತ್ತಿಡುವಷ್ಟು ಪುರುಸೊತ್ತು! ಅದನ್ನು ಓದಿದಾಗ ಎರಡನೇ ಸಾಲಿನ ಅಜ್ಜಿ ನೆನಪಾದರು. ಊರುಗೋಲು ಇಡಲು ಜಾಗ ಬೇಕು ಅಂತ ಅವರ ಕುರ್ಚಿಯನ್ನು ಪಕ್ಕದ್ದಕ್ಕಿಂತ ಒಂದು ಗೇಣು ದೂರ ಹಾಕುತ್ತಿದ್ದೆ. ಅಜ್ಜಿ ತೀರಿಕೊಂಡು ಮೂರು ತಿಂಗಳಾಯಿತು. ಈಗಲೂ ಅಲ್ಲಿ ಒಂದು ಗೇಣು ಬಿಟ್ಟೇ ಕುರ್ಚಿ ಹಾಕುತ್ತೇನೆ. ಇದುವರೆಗೆ ಯಾರೂ ಕೇಳಿಲ್ಲ.

ಈ ಭಾನುವಾರ ಮನಸ್ಸು ಹಗುರ ಮಾಡಿಕೊಂಡೇ ಹೋದೆ. ಪ್ರಾರ್ಥನೆ ಮುಗಿದು, ಸಿಕ್ಕಿಕೊಂಡ ಎರಡು ಕುರ್ಚಿಗಳನ್ನು ಕಾಲಲ್ಲಿ ಒತ್ತಿ ಹಿಡಿದು ಎಳೆಯುತ್ತಿದ್ದಾಗ ಹಿರಿಯರು ಬಂದು ಭುಜದ ಮೇಲೆ ಕೈ ಇಟ್ಟರು.

"ಏನಪ್ಪಾ, ಮೊನ್ನೆ ಕಾರ್ಯಕ್ರಮಕ್ಕೆ ಬಂದಿರಲಿಲ್ವಾ? ಕಾಣಲೇ ಇಲ್ಲ!"

ಪರೋಕ್ಷ.