ಶಾಣ್ಯಾ ಹುಡುಗ ಅಂದಿದ್ದೆವು

ಕಲಬುರಗಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳ ವಾರ್ಡಿಗೆ ಒಂಬತ್ತು ವರ್ಷದ ಹುಡುಗನೊಬ್ಬ ಬಂದಿದ್ದ. ಬ್ಲಡ್ ಕ್ಯಾನ್ಸರ್. ದೊಡ್ಡಾಸ್ಪತ್ರೆಯವರು ಊರಿಗೆ ಕರ್ಕೊಂಡು ಹೋಗಿ ಅಂದಿದ್ದರಂತೆ. ಗೋಡೆ ಕಡೆ ಮುಖ ಮಾಡಿ, ಮೊಣಕಾಲು ಮಡಿಚಿ ಮಲಗಿರುತ್ತಿದ್ದ. ಪಕ್ಕದ ಬೆಡ್ಡಿನ ಮಕ್ಕಳು ಮೊಬೈಲಿನಲ್ಲಿ ಕಾರ್ಟೂನ್ ಹಾಕಿದರೂ ತಿರುಗಿ ನೋಡುತ್ತಿರಲಿಲ್ಲ. ಸೂಜಿ ಚುಚ್ಚಿದರೂ ಅಳುತ್ತಿರಲಿಲ್ಲ. "ಏನೂ ತ್ರಾಸ ಕೊಡಲ್ಲ ನೋಡ್ರಿ ಸಿಸ್ಟರ್, ಭಾಳ ಶಾಣ್ಯಾ ಇದಾನ" ಅನ್ನುತ್ತಿದ್ದಳು ಅವನ ತಾಯಿ. ನಾವೂ ಹೌದು ಅಂದೆವು. ಹನ್ನೊಂದು ದಿನ ಇದ್ದ. ಜ್ವರದ ಚಾರ್ಟು ಸರಿಯಾಗಿ ಬರೆದಿದ್ದೆ. ನೋವು ಎಷ್ಟಿದೆ ಅಂತ ಒಂದು ದಿನವೂ ಕೇಳಲಿಲ್ಲ.

ಆಮೇಲೆ ಹೈದರಾಬಾದಿನಲ್ಲಿ ಮಕ್ಕಳ ಪ್ಯಾಲಿಯೇಟಿವ್ ಕೇರ್, ಅಂದರೆ ದೊಡ್ಡ ಕಾಯಿಲೆಯ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯ ತರಬೇತಿಗೆ ಹೋಗುವ ಅವಕಾಶ ಸಿಕ್ಕಿತು. ಅಲ್ಲಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಮತ್ತು ಕೆನಡಾದ ಟೂ ವರ್ಲ್ಡ್ಸ್ ಕ್ಯಾನ್ಸರ್ ಕೊಲಾಬರೇಶನ್ ಅನ್ನೋ ಸಂಸ್ಥೆ ಸೇರಿ ಈ ಕೆಲಸವನ್ನ ವರ್ಷಗಳಿಂದ ಮಾಡುತ್ತಿವೆ ಅನ್ನೋದು ನಿಮಗೆ ಗೊತ್ತಿರಬಹುದು. ಹೊರದೇಶದ ಡಾಕ್ಟರು, ನರ್ಸುಗಳು ಸ್ವಯಂಸೇವಕರಾಗಿ ಬಂದು ಇಲ್ಲಿನವರಿಗೆ ಕಲಿಸುತ್ತಾರೆ. ನಮ್ಮ ತಂಡಕ್ಕೆ ಕಲಿಸಿದ್ದು ಕೂದಲು ಪೂರಾ ಬೆಳ್ಳಗಾಗಿದ್ದ ಒಬ್ಬ ನರ್ಸು. ಎರಡನೇ ದಿನ ಅವರು ಹೇಳಿದರು: ನೋವು ಬಹಳ ದಿನ ಇದ್ದರೆ ಮಗು ಅಳುವುದನ್ನ ಬಿಡುತ್ತದೆ. ಆಟ ಬಿಡುತ್ತದೆ, ಮಾತು ಬಿಡುತ್ತದೆ. ಅಲುಗಾಡಿದರೆ ನೋವು ಜಾಸ್ತಿ ಅಂತ ಸುಮ್ನೆ ಮಲಗಿಬಿಡುತ್ತದೆ. ನೋಡಿದವರು ಎಷ್ಟು ಒಳ್ಳೆ ಮಗು ಅನ್ನುತ್ತಾರೆ.

ಅವತ್ತು ಮಧ್ಯಾಹ್ನ ನನಗೆ ಊಟ ಇಳಿಯಲಿಲ್ಲ.

ಪ್ಯಾಲಿಯೇಟಿವ್ ಕೇರ್ ಅಂದರೆ ಕೊನೇ ಗಳಿಗೆಯ ಕೆಲಸ ಅಂತ ನಮ್ಮಲ್ಲಿ ಡಾಕ್ಟರುಗಳೂ ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೆ ಹೇಳುವುದಿಲ್ಲ. ಕಾಯಿಲೆ ಗೊತ್ತಾದ ದಿನದಿಂದಲೇ ಇದು ಶುರುವಾಗಬೇಕು, ಔಷಧಿ ಚಿಕಿತ್ಸೆ ಜೊತೆಜೊತೆಗೇ ನಡೆಯಬೇಕು, ಮನೆಯವರನ್ನೂ ನೋಡಿಕೊಳ್ಳಬೇಕು. ಬರೀ ಕ್ಯಾನ್ಸರಿಗಲ್ಲ. ಹೃದಯದ ತೊಂದರೆ ಇರುವ ಮಗು, ಹುಟ್ಟಿನಿಂದ ಮೆದುಳಿಗೆ ಪೆಟ್ಟಾದ ಮಗು, ಇವರಿಗೂ ಬೇಕು.

ಮಾತು ಬಾರದ ಕೂಸಿನ ನೋವು ಅಳೆಯುವುದನ್ನೂ ಅಲ್ಲೇ ಕಲಿತೆ. ಮುಖ, ಕಾಲು, ಮೈ ಚಲನೆ, ಅಳು, ಎತ್ತಿಕೊಂಡರೆ ಸಮಾಧಾನ ಆಗುತ್ತಾ ಇಲ್ವಾ, ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಒಟ್ಟು ಹತ್ತು. ದೊಡ್ಡ ಮಕ್ಕಳಿಗೆ ಆರು ಮುಖಗಳ ಹಾಳೆ. ನಿನ್ನ ನೋವು ಯಾವ ಮುಖದ ಹಾಗಿದೆ, ತೋರಿಸು ಅಂತ ಕೇಳುವುದು. ಅದರಲ್ಲಿ ನಗುವ ಮುಖವೇ ಇಲ್ಲ. ನಗುವಿದ್ದರೆ ಮಗು ನೋವನ್ನು ಬಿಟ್ಟು ಖುಷಿಯನ್ನು ಹುಡುಕುತ್ತದೆ ಅಂತ ಬೇಕೆಂದೇ ಬಿಟ್ಟಿದ್ದಾರೆ. ಇಷ್ಟು ಸೂಕ್ಷ್ಮವಾಗಿ ಯಾರೋ ಕೂತು ಯೋಚನೆ ಮಾಡಿದ್ದಾರಲ್ಲ ಅಂತ ಕಣ್ಣು ತುಂಬಿತು.

ಆದರೆ ಒಂದು ಮಾತು ಹೇಳಲೇಬೇಕು. ಆ ನರ್ಸಮ್ಮ ಎಷ್ಟೇ ಒಳ್ಳೆಯವರಾದರೂ ಸೇಡಂ ಕಡೆಯ ಮಗುವಿನ ಮಾತು ಅವರಿಗೆ ತಿಳಿಯದು. ನಮ್ಮ ಮಕ್ಕಳು 'ನೂಸ್ತದ' ಅಂದರೆ ಒಂದು, 'ಉರೀತದ' ಅಂದರೆ ಇನ್ನೊಂದು, 'ಜಗ್ತದ' ಅಂದರೆ ಬೇರೆಯೇ. ನರಕ್ಕೆ ಪೆಟ್ಟಾದ ನೋವು ಹೆಚ್ಚಾಗಿ ಉರಿಯುವ ಹಾಗೆ ಇರುತ್ತದೆ, ಅದಕ್ಕೆ ಕೊಡುವ ಔಷಧಿಯೂ ಬೇರೆ. ಆ ಒಂದು ಮಾತು ಯಾರ ಕಿವಿಗೆ ಬೀಳಬೇಕು? ಇಲ್ಲಿಯ ನರ್ಸಿನ ಕಿವಿಗೆ, ಇಲ್ಲಿಯ ಆಶಾ ಅಕ್ಕನ ಕಿವಿಗೆ. ಬಂದವರು ಇದನ್ನ ಚೆನ್ನಾಗಿ ತಿಳಿದಿದ್ದರು. ಅದಕ್ಕೇ ರೋಗಿಗಳನ್ನ ನೋಡುವುದಕ್ಕಿಂತ ನಮಗೆ ಕಲಿಸುವುದಕ್ಕೆ ಹೆಚ್ಚು ಹೊತ್ತು ಕೊಟ್ಟರು.

ಹಾಗಾದರೆ ಕಲಿತು ಬಂದ ನಮ್ಮಂಥವರನ್ನ ನಮ್ಮ ವ್ಯವಸ್ಥೆ ಏನು ಮಾಡುತ್ತದೆ?

ವಾಪಸ್ ಬಂದ ಮೇಲೆ ಚಿಂಚೋಳಿ ಕಡೆಯ ಒಂದು ಹುಡುಗಿ ನಮ್ಮಲ್ಲಿ ದಾಖಲಾದಳು. ಮೂಳೆಯ ಗಡ್ಡೆ. ಗೊಂಬೆ ಕೊಟ್ಟು "ಎಲ್ಲಿ ನೂಸ್ತದ, ಬಟ್ಟಿಟ್ಟು ತೋರ್ಸವ್ವಾ" ಅಂದೆ. ಗೊಂಬೆಯ ತೊಡೆ ಮೇಲೆ ಬೆರಳಿಟ್ಟು ತೆಗೆಯಲೇ ಇಲ್ಲ. ಹಾಳೆಯಲ್ಲಿ ಕೊನೆಯ ಮುಖ ತೋರಿಸಿದಳು. ಪ್ಯಾರಾಸಿಟಮಾಲ್‌ಗೆ ಬಗ್ಗುವ ನೋವಲ್ಲ ಅದು. ಅಫೀಮಿನಿಂದ ತಯಾರಿಸುವ ಮಾರ್ಫಿನ್ ಅನ್ನೋ ಬಲವಾದ ನೋವಿನ ಔಷಧಿ ಬೇಕಿತ್ತು. ನಮ್ಮ ಆಸ್ಪತ್ರೆಯಲ್ಲಿ ಇರಲಿಲ್ಲ. ಅಫೀಮು ಬೆಳೆಯುವ ದೇಶ ನಮ್ಮದು, ಸರ್ಕಾರದ ಲೈಸೆನ್ಸಿನಲ್ಲೇ ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಬೆಳೆಯುತ್ತಾರೆ. 1985ರ ಮಾದಕ ವಸ್ತು ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ಅದನ್ನ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು. 2014ರಲ್ಲಿ ತಿದ್ದುಪಡಿ ಬಂದು ದಾರಿ ಸಲೀಸಾಯಿತು. ಕಾನೂನು ಬದಲಾಗಿ ಇಷ್ಟು ವರ್ಷ ಆದರೂ ಭಯ ಹೋಗಿಲ್ಲ. "ಚಟ ಹತ್ತಿದರೆ?" ಅಂತ ಕೇಳುತ್ತಾರೆ. ನೋವಿಗೆ ತಕ್ಕ ಹಾಗೆ ಅಳೆದು, ಹೊತ್ತು ಹೊತ್ತಿಗೆ ಕೊಟ್ಟರೆ ಆ ಭಯ ಬೇಡ ಅಂತ ಎಷ್ಟು ಸಲ ಹೇಳಿದ್ದೇನೋ. ಮಲಬದ್ಧತೆ ಆಗುತ್ತದೆ, ಅದಕ್ಕೆ ಜೊತೆಗೇ ಔಷಧಿ ಕೊಟ್ಟರಾಯಿತು.

ನಮ್ಮ ಡಾಕ್ಟರು ಓಡಾಡಿ ಬೇರೆ ಕಡೆಯಿಂದ ಮೂರನೇ ದಿನ ತರಿಸಿದರು. ಮೊದಲ ಗುಳಿಗೆ ಕೊಟ್ಟು ಒಂದು ತಾಸಿಗೆ ಆ ಹುಡುಗಿ ತಾನಾಗಿಯೇ ಮಗ್ಗುಲು ಬದಲಿಸಿ ಮಲಗಿದಳು. ಅವಳ ಅಜ್ಜಿ ನನ್ನ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ ನನ್ನನ್ನ ಹೆರಿಗೆ ವಾರ್ಡಿಗೆ ಹಾಕಿದರು. ಸಿಬ್ಬಂದಿ ಕಡಿಮೆ, ಅದು ನನಗೂ ಗೊತ್ತು. ಆದರೆ ಕಡಲು ದಾಟಿ ಬಂದು ಒಬ್ಬರು ಕಲಿಸಿದ ವಿದ್ಯೆ ಹೀಗೆ ಮೂಲೆಗೆ ಬೀಳಬಾರದು. ಪ್ಯಾಲಿಯೇಟಿವ್ ಕೇರ್ ತರಬೇತಿ ಆದವರನ್ನ ಕಡೇಪಕ್ಷ ಮೂರು ವರ್ಷ ಆ ಕೆಲಸದಲ್ಲೇ ಬಿಡಿ. ಅವರ ಕೈಕೆಳಗೆ ಇನ್ನಿಬ್ಬರು ತಯಾರಾಗುವ ತನಕ ಎಬ್ಬಿಸಬೇಡಿ. ಕಲಬುರಗಿ, ಬೀದರ್, ಯಾದಗಿರಿ, ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ. ತರಬೇತಿ ನಮ್ಮಲ್ಲೇ, ಕನ್ನಡದಲ್ಲೇ ನಡೆಯಲಿ. ಮಾರ್ಫಿನ್ ಕಪಾಟಿನಲ್ಲಿರಲಿ. ಅಧಿಕಾರಿಗಳು ಯಾರಾದರೂ ಇದನ್ನ ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ.

ಮೊನ್ನೆ ಮಕ್ಕಳ ವಾರ್ಡಿಗೆ ಹೊಸದಾಗಿ ಬಂದ ನರ್ಸ್ ಹುಡುಗಿ ನನ್ನನ್ನ ಹುಡುಕಿಕೊಂಡು ಬಂದಳು. ಕೈಯಲ್ಲಿ ಆ ಆರು ಮುಖದ ಹಾಳೆ. ಗೋಡೆಯಿಂದ ಬಿದ್ದಿತ್ತಂತೆ. "ಅಕ್ಕಾ, ಇದು ಯಾತಕ್ಕ ಹಚ್ಚಿದ್ರಿ? ತೆಗದು ಬಿಸಾಕ್ಲೇನು?" ಅಂದಳು. ಡ್ಯೂಟಿ ಮುಗಿದ ಮೇಲೆ ಅವಳ ಜೊತೆ ವಾರ್ಡಿಗೆ ಹೋದೆ.