ಬಿಸಿಯೂಟದ ಲೆಕ್ಕ ಮಾಸ್ತರ ಕೈಯಾಗಿಂದ ತೆಗೀಬೇಕೋ ಬ್ಯಾಡೋ? (ಪರ-ವಿರೋಧ)

ಪರ: ತೆಗೀಬೇಕು
(ಗದಗ ಜಿಲ್ಲೆಯ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ)

ಮೊದಲ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ, ಬಿಸಿಯೂಟ ಬ್ಯಾಡ ಅಂತ ನಾ ಹೇಳಾಕತ್ತಿಲ್ಲ. ಮುಂಡರಗಿ ಕಡೆ ಹಳ್ಳ್ಯಾಗ ಕಲಸಾಕಿ ನಾನು, ಆ ಊಟ ಏನು ಅಂತ ನನಗ ಚೊಲೋ ಗೊತ್ತೈತಿ. ಅವ್ವ-ಅಪ್ಪ ಇಬ್ಬರೂ ಹೊತ್ತು ಏರೋದರೊಳಗ ಹೊಲಕ್ಕ ಹೋಗಿರ್ತಾರ, ಕೆಲವರು ಗೋವಾಕ್ಕ ದುಡಿಯಾಕ ಹೋಗಿ ಹುಡುಗುರನ್ನ ಅಜ್ಜಿ ಕಡೆ ಬಿಟ್ಟಿರ್ತಾರ, ಆ ಹುಡುಗುರಿಗೆ ದಿನದ ಹೊಟ್ಟಿತುಂಬ ಊಟ ಅಂದ್ರ ಶಾಲಿ ಊಟಾನ. 2001ರ ನವೆಂಬರದಾಗ ಸುಪ್ರೀಂ ಕೋರ್ಟು ಕಾಳು ಹಂಚಿ ಕೈತೊಳಕೊಬ್ಯಾಡ್ರಿ, ಶಾಲ್ಯಾಗ ಬೇಯಿಸಿದ ಊಟಾನ ಹಾಕ್ರಿ ಅಂತ ಎಲ್ಲಾ ರಾಜ್ಯಕ್ಕೂ ಆದೇಶ ಮಾಡಿದ್ದು ಬಾಳ ದೊಡ್ಡದು, ಅದರಾಗ ಎರಡು ಮಾತಿಲ್ಲ. ನನ್ನ ತಕರಾರು ಒಂದ. ಅಕ್ಕಿ ಎಷ್ಟು ಬಂತು, ಎಣ್ಣಿ ಎಷ್ಟು ಉಳೀತು, ತತ್ತಿ ಎಷ್ಟು ಒಡದ್ವು ಅಂತ ಬರಿಯೋ ಕೈ, ಒಂದನೇತ್ತ ಹುಡುಗನ ಕೈ ಹಿಡಿದು ಅಕ್ಷರ ತಿದ್ದಸೋ ಕೈಯೇ ಯಾಕ ಆಗಬೇಕು?

ಈ ಕೆಲಸ ಒಮ್ಮೆಲೇ ಬಂದದ್ದಲ್ಲ, ಒಂದರ ಮ್ಯಾಲ ಒಂದು ಕೂಡಕೋತ ಬಂತು. ಮೊದಲ ಅನ್ನ-ಸಾರು ಅಷ್ಟ ಇತ್ತು. 2013ಕ್ಕ ಕ್ಷೀರಭಾಗ್ಯ ಬಂತು, ಹಾಲಿನ ಪುಡಿ ಕದಡಿ ಒಂದೊಂದು ಹುಡುಗಗ 150 ಎಂಎಲ್ ಹಾಲು. ಆಮ್ಯಾಲ ತತ್ತಿ. 2024ಕ್ಕ ರಾಗಿ ಮಾಲ್ಟ್, ಅದ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ರೊಕ್ಕ ಕೊಟ್ಟು ವಾರದ ಆರೂ ದಿನ ತತ್ತಿ. ಒಂದೊಂದೂ ಹುಡುಗುರಿಗೆ ಬೇಕಾದದ್ದ, ಯಾವುದನ್ನೂ ಕಮ್ಮಿ ಮಾಡಬಾರದು. ಆದ್ರ ಪ್ರತಿಯೊಂದಕ್ಕೂ ಒಂದು ಸ್ಟಾಕ್ ರಜಿಸ್ಟರ್, ಒಂದು ಬಿಲ್ ಫೈಲು, ರುಚಿ ನೋಡಿದ್ದಕ್ಕೊಂದು ಪುಸ್ತಕ, ಮತ್ತ ದಿನಾ ಮೊಬೈಲ್‌ನ್ಯಾಗ ಇವತ್ತು ಎಷ್ಟು ಮಂದಿ ಉಂಡ್ರು ಅನ್ನೋ ಎಂಟ್ರಿ, ಅದೂ ನೆಟ್ವರ್ಕ್ ಸಿಗಬೇಕಂದ್ರ ಶಾಲಿ ಗೇಟಿನ ಹೊರಗ ಹೋಗಿ ನಿಂದ್ರಬೇಕು.

ತತ್ತಿದೊಂದು ಬಿಡಿಸಿ ಹೇಳ್ತೀನಿ ಯಾಕಂದ್ರ ಶಾಲಿ ಹೊರಗಿನವರಿಗೆ ಇದು ಗೊತ್ತಿರಂಗಿಲ್ಲ. ಒಂದು ತತ್ತಿಗೆ ಲೆಕ್ಕಕ್ಕ ಸಿಗೋದು 6 ರೂಪಾಯಿ, ಕೊಳ್ಳೋದು, ಸಾಗಸೋದು, ಕುದಸೋದು, ಸುಲಿಯೋದು ಎಲ್ಲಾ ಅದರೊಳಗ. ಚಳಿಗಾಲ ಬಂತಂದ್ರ ತತ್ತಿ ರೇಟು ಏರತೈತಿ, ಹಳ್ಳಿ ಅಂಗಡಿಯೊಳಗಂತೂ ಬಿಡಿ ತತ್ತಿ ಅದಕ್ಕಿಂತ ಜಾಸ್ತಿ, ಹಂಗಾಗಿ ತಾಲೂಕಿಂದ ಟ್ರೇ ಕಟ್ಟಿಸಿಕೊಂಡು ಬೈಕಿನ ಮ್ಯಾಲ ಇಲ್ಲಾ ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡು ಬರಬೇಕು, ದಾರಿ ಎಂಥಾದ್ದು ಅಂತ ನಮ್ಮ ಕಡೆಯವರಿಗೆ ಹೇಳೋದೇನು ಬ್ಯಾಡ, ಬರೋದರೊಳಗ ನಾಕು ಸೀಳಿರ್ತಾವು. ಆ ನಾಕರ ರೊಕ್ಕ ಯಾರು ಕೊಡಬೇಕು? ಹೆಡ್ ಮಾಸ್ತರ ಕಿಸೆಯಿಂದ. ತತ್ತಿ ತಿನ್ನದ ಮಕ್ಕಳಿಗೆ ಬಾಳಿಹಣ್ಣು, ಅದರ ಪಟ್ಟಿ ಬ್ಯಾರೆ, ಅದಕ್ಕ ಪಾಲಕರ ಸಹಿ ಬ್ಯಾರೆ. ಶ್ರಾವಣ ಬಂದ್ರ ಇವತ್ತು ತತ್ತಿ ತಿಂದ ಹುಡುಗ ನಾಳೆ ಒಲ್ಲೆ ಅಂತಾನ, ಪಟ್ಟಿ ಮತ್ತ ತಿದ್ದಬೇಕು.

ಈಗ ತರಗತಿ ಒಳಗ ಬರ್ರಿ. ನಮ್ಮದು ನಲಿ-ಕಲಿ, ಒಂದು ಎರಡು ಮೂರನೇತ್ತ ಮಕ್ಕಳು ಒಂದ ಖೋಲಿಯೊಳಗ ನೆಲದ ಮ್ಯಾಲ ಗುಂಪು ಗುಂಪಾಗಿ ಕೂಡ್ತಾರ, ಒಬ್ಬೊಬ್ಬರೂ ಬ್ಯಾರೆ ಬ್ಯಾರೆ ಮೆಟ್ಟಿಲಿನ್ಯಾಗ ಇರ್ತಾರ, ಕಾರ್ಡು ಹಿಡಕೊಂಡು ಒಬ್ಬೊಬ್ಬರೇ ಮುಂದಕ್ಕ ಹೋಗಬೇಕು. ಈ ಪದ್ಧತಿ 1995ರ ಹೊತ್ತಿಗೆ ಎಚ್.ಡಿ. ಕೋಟೆ ತಾಲೂಕಿನೊಳಗ ಶುರುವಾಗಿದ್ದು, ಅದರ ಜೀವಾಳ ಏನಂದ್ರ ಶಿಕ್ಷಕಿ ಮಕ್ಕಳ ಜತಿ ಚಾಪಿ ಮ್ಯಾಲ ಕೂಡೋದು. ಹೊಸದಾಗಿ ಒತ್ತಕ್ಷರಕ್ಕ ಬಂದ ಹುಡುಗಿ ಒಬ್ಬಾಕಿ ಕಾರ್ಡಿನ ಮ್ಯಾಲ ಬೆಟ್ಟು ಇಟ್ಟು "ಅ... ಕ್ಕ..." ಅಂತ ಕೂಡಿಸಿ ಓದಾಕ ಬಾಯಿ ತೆರದಿರ್ತಾಳ, ಅಷ್ಟರಾಗ ಬಾಗಲದಾಗ ಅಡಗಿ ಅಕ್ಕಾರು ಬಂದು "ಟೀಚರ್, ಸಿಲಿಂಡರ್ ಖಾಲಿ ಆತು" ಅಂತಾರ. ಎದ್ದು ಹೋಗಾಕಬೇಕು, ಇಲ್ಲಂದ್ರ ಊಟಾನ ಆಗಂಗಿಲ್ಲ. ವಾಪಸ್ ಬರೋದರೊಳಗ ಆಕಿ ಬೆಟ್ಟು ತಗದು ಕಾರ್ಡು ತಟ್ಟಿಯೊಳಗ ಹಾಕಿ ಬ್ಯಾರೆ ಹುಡುಗುರ ಕೂಡ ಆಡಾಕ ಹತ್ತಿರ್ತಾಳ. ಓದು ಕೂಡೋ ಆ ಗಳಿಗೆ ಹೇಳಿ ಕರಿಸಿದ್ರ ಬರಂಗಿಲ್ಲ.

ದೊಡ್ಡ ಶಾಲ್ಯಾಗ ಹೆಂಗೋ ನಡಿತೈತಿ. ಸಣ್ಣ ಶಾಲಿ ಕತಿ ಬ್ಯಾರೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳ ತನಕ ಇಬ್ಬರ ಶಿಕ್ಷಕರು, ಆ ಇಬ್ಬರೊಳಗ ಒಬ್ಬರು ಪ್ರಭಾರ ಹೆಡ್ ಮಾಸ್ತರು, ಅವರು ಮೀಟಿಂಗಿಗೆ ಇಲ್ಲಾ ಬಿಲ್ ಪಾಸ್ ಮಾಡಸಾಕ ತಾಲೂಕಿಗೆ ಹೋದ್ರಂದ್ರ ಐದೂ ಇಯತ್ತೆ ಒಬ್ಬರ ಕೈಯಾಗ. ಅದ ಕಾಯ್ದೆ ಒಂದರಿಂದ ಐದಕ್ಕ ವರ್ಷಕ್ಕ ಕನಿಷ್ಠ 200 ದಿನ, 800 ತಾಸು ಪಾಠ ಆಗಬೇಕು ಅಂತೈತಿ. 27ನೇ ಕಲಮಿನ್ಯಾಗ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬ್ಯಾರೆ ಶಿಕ್ಷಣೇತರ ಕೆಲಸಕ್ಕ ಶಿಕ್ಷಕರನ್ನ ಹಚ್ಚಬಾರದು ಅಂತ ಬರದಾರ. ಊಟ ಶಾಲಿ ಒಳಗ ನಡಿಯೋದಕ್ಕ ಅದನ್ನ ಶಿಕ್ಷಣೇತರ ಅಂತ ಯಾರೂ ಎಣಸಂಗಿಲ್ಲ, ಆದ್ರ ತೊಗರಿಬ್ಯಾಳಿ ತೂಕ ಮಾಡೋದು ಯಾವ ಪಾಠ ಅಂತ ನನಗ ಹೇಳ್ರಿ.

ಹುಬ್ಬಳ್ಳಿ-ಧಾರವಾಡ ಶಹರದ ಎಷ್ಟೋ ಶಾಲಿಗೆ ರಾಯಾಪುರದ ಅಕ್ಷಯ ಪಾತ್ರೆ ಸಂಸ್ಥೆಯ ಅಡಗಿಮನಿಯಿಂದ ಗಾಡಿಯೊಳಗ ಊಟ ಬರತೈತಿ, ಅಲ್ಲಿ ಮಾಸ್ತರಿಗೆ ಅಕ್ಕಿ-ಎಣ್ಣಿ ಲೆಕ್ಕ ಇಲ್ಲ (ತತ್ತಿ ಮಾತ್ರ ಅಲ್ಲೂ ಶಾಲಿಯವರ ಕುದಸಬೇಕು). ನಮ್ಮ ಹಳ್ಳಿಗೆ ಅಂಥಾ ಅಡಗಿಮನಿ ತರ್ರಿ ಅಂತ ನಾ ಕೇಳಂಗಿಲ್ಲ, ನಮ್ಮ ಅಡಗಿ ಅಕ್ಕಾರ ಕೆಲಸ ಹೋಗಬಾರದು, ಅವರ ಕೈ ಸಾರು ಹುಡುಗುರಿಗೆ ಸೇರತೈತಿ. ನಾ ಕೇಳೋದು ಒಂದೊಂದು ಗ್ರಾಮ ಪಂಚಾಯ್ತಿಗೆ ಒಬ್ಬರು, ಪಿಯುಸಿ ಓದಿದ ಊರಿನ ಹೆಣ್ಣಮಗಳು ಸಾಕು, ಆ ಪಂಚಾಯ್ತಿಯೊಳಗಿನ ಎಲ್ಲಾ ಶಾಲಿದೂ ಖರೀದಿ, ಸ್ಟಾಕು, ಬಿಲ್ಲು, ಎಂಟ್ರಿ ಆಕಿ ನೋಡಲಿ, ಪಗಾರ ಸರ್ಕಾರ ಕೊಡಲಿ. ಊಟಕ್ಕ ನಾವು ಕೂಡ್ತೀವಿ, ಬಡಸ್ತೀವಿ, ಕಾಳಜಿ ನಮ್ಮದ ಇರತೈತಿ. ಪುಸ್ತಕ ಮಾತ್ರ ಬ್ಯಾರೆಯವರು ಬರೀಲಿ.


ವಿರೋಧ: ತೆಗೀಬಾರದು
(ಹಾವೇರಿ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕ)

ಅಕ್ಕೋರು ಬರದದ್ದು ಪೂರ್ತಿ ಓದಿದೆ. ತತ್ತಿ ಬಗ್ಗೆ ಅವರು ಹೇಳಿದ್ದರೊಳಗ ಒಂದು ಅಕ್ಷರಾನೂ ಸುಳ್ಳಿಲ್ಲ, ಚಳಿಗಾಲದಾಗ ನಮ್ಮ ಕಿಸೇನೂ ಖಾಲಿ ಆಗೈತಿ. ಆದ್ರ ಲೆಕ್ಕ ಬ್ಯಾರೆಯವರಿಗೆ ಕೊಡ್ರಿ ಕಾಳಜಿ ನಮಗ ಬಿಡ್ರಿ ಅನ್ನೋದು ಹೇಳಾಕ ಹಗೂರ, ನಡಿಯಾಕ ಬರಂಗಿಲ್ಲ. ರೊಕ್ಕ ಮತ್ತ ಖೋಲಿ ಕೀಲಿ ಯಾರ ಕಡೆ ಇರತಾವೋ ಅಡಗಿಮನ್ಯಾಗ ಅವರ ಮಾತ ನಡೀತೈತಿ. ಬ್ಯಾಳಿಯೊಳಗ ಹುಳ ಕಂಡ್ರ ಇವತ್ತು ನಾ ಆ ಚೀಲಾನ ವಾಪಸ್ ಕಳಸ್ತೀನಿ, ಯಾಕಂದ್ರ ಸಹಿ ನಂದು. ನಾಳೆ ಸಹಿ ಪಂಚಾಯ್ತಿಯೊಳಗ ಕೂತವರದ್ದಾದ್ರ ನಾ ಫೋನ್ ಮಾಡಬೇಕು, ಅವರು ಸಪ್ಲೈದವರಿಗೆ ಹೇಳ್ತೀನಿ ಅನಬೇಕು, ಅಲ್ಲಿತನ ಹುಡುಗುರು ಏನು ಉಣ್ಣಬೇಕು?

2013ರ ಜುಲೈದಾಗ ಬಿಹಾರದ ಸಾರಣ ಜಿಲ್ಲಾದಾಗ ಶಾಲಿ ಊಟ ಉಂಡು 23 ಮಕ್ಕಳು ಸತ್ತರು, ಅಡಗಿಯೊಳಗ ಕೀಟನಾಶಕ ಸೇರಿತ್ತು. ಅಲ್ಲಿ ಜವಾಬ್ದಾರಿ ಮುಖ್ಯ ಶಿಕ್ಷಕಿ ಮ್ಯಾಲೇ ಇತ್ತಲ್ಲ, ಶಿಕ್ಷೆನೂ ಅವರಿಗೇ ಆತಲ್ಲ ಅಂತ ಯಾರರೆ ಕೇಳಬಹುದು. ಹೌದು. ಆದ್ರ ನಾ ಅದರಿಂದ ತಿಳಕೊಂಡಿದ್ದು, ಜವಾಬ್ದಾರಿ ಇದ್ದವರು ಆ ಊಟ ಮೊದಲ ತಾವು ಬಾಯಿಗೆ ಹಾಕ್ಕೊಬೇಕು ಅನ್ನೋದು. ಮಕ್ಕಳಿಗೆ ಬಡಸೋದಕ್ಕಿಂತ ಮೊದಲ ಶಿಕ್ಷಕರು ರುಚಿ ನೋಡಬೇಕು ಅನ್ನೋ ನಿಯಮ ಐತಲ್ಲ, ಅದು ಬರೀ ಪುಸ್ತಕದಾಗ ಸಹಿ ಹಾಕೋ ನಿಯಮ ಅಲ್ಲ. ಖರೀದಿ ಮಾಡಿದವರು ಒಂದು ಕಡೆ, ಉಣ್ಣವರು ಒಂದು ಕಡೆ ಆದ್ರ ತಪ್ಪು ಯಾರದು ಅಂತ ಹುಡುಕೋದರೊಳಗ ದಿನ ಹೋಗ್ತಾವು.

ಇನ್ನೊಂದು ಮಾತು, ಇದನ್ನ ಹೇಳಾಕ ಮಂದಿ ಹಿಂದಮುಂದ ನೋಡ್ತಾರ, ನಾ ಹೇಳ್ತೀನಿ. ದಲಿತ ಹೆಣ್ಣಮಗಳು ಅಡಗಿ ಮಾಡ್ಯಾಳಂತ ಮಕ್ಕಳಿಗೆ ಶಾಲ್ಯಾಗ ಉಣಬ್ಯಾಡ ಅಂತ ಹೇಳಿ ಕಳಸೋ ಮನಿ ಇವತ್ತಿಗೂ ಅದಾವು, ಡಬ್ಬಿ ಕಟ್ಟಿ ಕಳಸ್ತಾರ, ಹುಡುಗ ಸಾಲು ಬಿಟ್ಟು ಗಿಡದ ಬುಡಕ ಹೋಗಿ ಕೂಡ್ತಾನ. ಅದನ್ನ ಒಡಿಯೋದು ಸುತ್ತೋಲೆಯಿಂದ ಆಗಂಗಿಲ್ಲ. ಮಾಸ್ತರ ತಾಟು ಹಿಡಕೊಂಡು ಬಂದು ಅದ ಸಾಲಿನ್ಯಾಗ ಕೂತು ಆ ಅಕ್ಕಾರ ಕೈಯಿಂದ ಬಡಿಸಿಕೊಂಡು, ಸಾರು ಚೊಲೋ ಆಗೈತಿ ಬೇ ಅಕ್ಕಾ, ಇನ್ನೊಂದು ಸೌಟು ಹಾಕು ಅಂದ್ರ ಹುಡುಗುರು ನೋಡ್ತಾರ. ಡಬ್ಬಿ ತಂದ ಹುಡುಗ ಒಂದಿನ ನೋಡ್ತಾನ, ಎರಡು ದಿನ ನೋಡ್ತಾನ, ಆಮ್ಯಾಲ ತತ್ತಿ ಆಶಾಕ್ಕಾದ್ರೂ ಬಂದು ಕೂಡ್ತಾನ. ಮನಿಯವರು ಜಗಳಕ್ಕ ಬಂದ್ರ ಎದುರು ನಿಂತು ಮಾತಾಡೋ ಅಧಿಕಾರ ಹೆಡ್ ಮಾಸ್ತರಿಗೆ ಐತಿ, ಕಡಿಮಿ ಪಗಾರದ ಮ್ಯಾಲ ತಗೊಂಡ ಊರಿನ ಹೆಣ್ಣಮಗಳಿಗೆ ಆ ಧೈರ್ಯ ಎಲ್ಲಿಂದ ಬರಬೇಕು, ಆಕಿ ಅದ ಓಣಿಯೊಳಗ ಬದುಕಬೇಕಲ್ಲ.

ನಮ್ಮದು ಬ್ಯಾಡಗಿ ಸೀಮಿ. ಮೆಣಸಿನಕಾಯಿ ಸುಗ್ಗಿ ಬಂತಂದ್ರ ತಾಯಂದಿರೆಲ್ಲಾ ಕಾಯಿ ಬಿಡಸಾಕ, ತೊಟ್ಟು ಮುರಿಯಾಕ ಹೊತ್ತಿಗಿಂತ ಮೊದಲ ಹೋಗಿಬಿಡ್ತಾರ. ಆ ತಿಂಗಳದಾಗ ಹಾಲು ಕುಡಿಯೋವಾಗ ನಿಂತು ನೋಡ್ರಿ, ಯಾವ ಹುಡುಗ ಗ್ಲಾಸು ಒಂದ ಗುಟುಕಿಗೆ ಮುಗಸ್ತಾನೋ ಅವನು ಬೆಳಿಗ್ಗೆ ಏನೂ ತಿಂದಿಲ್ಲ ಅಂತ ಅರ್ಥ. ಸೋಮವಾರ ಅಂಥವರು ಜಾಸ್ತಿ ಇರ್ತಾರ, ರವಿವಾರ ಶಾಲಿ ಇರಂಗಿಲ್ಲಲ್ಲ. ತನ್ನ ತತ್ತಿ ಚಡ್ಡಿ ಕಿಸೆಯೊಳಗ ಇಟಗೊಳ್ಳೋ ಹುಡುಗನ್ನ ಬೈಯಬಾರದು, ಮನ್ಯಾಗ ಸಣ್ಣ ತಂಗಿ ಇರ್ತಾಳ. ಅಂಥಾ ಹುಡುಗ ಗಣಿತದಾಗ ಮಂಕಾಗಿ ಕೂತಿದ್ರ ಯಾಕ ಅಂತ ನನಗ ತಿಳಿತೈತಿ. ಊಟದ ಹೊತ್ತಿನ್ಯಾಗ ಕಂಡದ್ದು ಪಾಠದ ಹೊತ್ತಿಗೆ ಕೆಲಸಕ್ಕ ಬರತೈತಿ.

ಲೆಕ್ಕಾನೂ ಅಷ್ಟ. ನಮ್ಮ ಶಾಲ್ಯಾಗ ದಿನಾ ಹಾಜರಿ ಆದಮ್ಯಾಲ ಐದನೇತ್ತ ಹುಡುಗುರ ಬೋರ್ಡಿನ ಮ್ಯಾಲ ಅಕ್ಕಿ ಲೆಕ್ಕ ಹಾಕ್ತಾರ. ಒಂದರಿಂದ ಐದಕ್ಕ ತಲಿಗೆ 100 ಗ್ರಾಂ, ಆರರಿಂದ ಎಂಟಕ್ಕ 150 ಗ್ರಾಂ. ಸಣ್ಣವರು 42 ಮಂದಿ ಬಂದ್ರ 4 ಕೆಜಿ 200, ದೊಡ್ಡವರು 38 ಬಂದ್ರ 5 ಕೆಜಿ 700, ಎರಡೂ ಕೂಡಿ 9 ಕೆಜಿ 900. ಒಬ್ಬ ತಪ್ಪು ಮಾಡಿದ್ರ ಇನ್ನೊಬ್ಬಾಕಿ ಓಡಿಬಂದು ಅಳಿಸಿ ಬರೀತಾಳ, ಆಮ್ಯಾಲ ಇಬ್ಬರು ಹೋಗಿ ತಕ್ಕಡಿ ಮುಂದ ನಿಂತು ನೋಡ್ತಾರ. ಗ್ರಾಂ-ಕಿಲೋ ಕಲಸಾಕ ಇದಕ್ಕಿಂತ ಚೊಲೋ ದಾರಿ ನನಗಂತೂ ಸಿಕ್ಕಿಲ್ಲ. ತೊಗರಿಬ್ಯಾಳಿ ತೂಕ ಯಾವ ಪಾಠ ಅಂತ ಅಕ್ಕೋರು ಕೇಳ್ಯಾರಲ್ಲ, ಇದ ಪಾಠ.

ಪಾಠದ ಹೊತ್ತು ಹೋಗತೈತಿ ಅನ್ನೋದನ್ನ ನಾ ಒಪ್ಪತೀನಿ, ಬಾಳ ಹೋಗತೈತಿ, ಆದ್ರ ಅದನ್ನ ತಿನ್ನೋದು ಊಟ ಒಂದ ಅಲ್ಲ. ಮತದಾರರ ಪಟ್ಟಿ ತಿದ್ದುಪಡಿಗೆ ಬಿಎಲ್ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅಂತ ನಮ್ಮನ್ನ ಕಳಸ್ತಾರ, 2025ರ ಸಾಮಾಜಿಕ-ಶೈಕ್ಷಣಿಕ (ಜಾತಿ) ಸಮೀಕ್ಷೆಗೆ ಮನಿ ಮನಿ ತಿರಗಸ್ಯಾರ, ದಸರಾ ಸೂಟಿನೂ ಅದರಾಗ ಹೋತು. ಒಂದ ಮಾಹಿತಿ ಮೂರು ಕಡೆ ಎಂಟ್ರಿ ಮಾಡಸ್ತಾರ. ಮೊದಲ ಅವನ್ನ ತೆಗಸೋಣು. ಮಕ್ಕಳ ಕೂಡ ನಮ್ಮನ್ನ ಕೂಡಸೋ ಕೆಲಸ ಇದೊಂದ, ಇದನ್ನ ಮೊದಲ ಬಿಟ್ಟುಕೊಟ್ಟು ಉಳಿದದ್ದನ್ನೆಲ್ಲಾ ಇಟಗೊಂಡ್ರ ನಮಗೇನು ಸಿಕ್ಕಂಗಾತು?

ಸರ್ಕಾರಕ್ಕ ಕೇಳೋದಿದ್ರ ಹಿಂಗ ಕೇಳೋಣು: ತತ್ತಿ ರೊಕ್ಕ ಆ ತಿಂಗಳ ಬಾಜಾರ ರೇಟಿನ ಪ್ರಕಾರ ಮೊದಲ ಹಾಕ್ರಿ, ಒಡದ ತತ್ತಿಗೆ ಇಷ್ಟು ಅಂತ ಬಿಡ್ರಿ, ಎಲ್ಲಾ ರಜಿಸ್ಟರ್ ಕೂಡಿಸಿ ಒಂದ ಪುಸ್ತಕ ಮಾಡ್ರಿ, 60ರ ಒಳಗಿನ ಶಾಲಿಗೂ ಮೂರನೇ ಶಿಕ್ಷಕರನ್ನ ಕೊಡ್ರಿ. ಮೂರನೇಯವರು ಬಂದ್ರ ಸಿಲಿಂಡರ್ ಖಾಲಿ ಆದ ದಿನಾನೂ ಅಕ್ಕೋರು ಚಾಪಿ ಬಿಟ್ಟು ಏಳೋ ಪ್ರಸಂಗ ಬರಂಗಿಲ್ಲ, ಆ ಹುಡುಗಿ ಓದೂ ನಿಲ್ಲಂಗಿಲ್ಲ.

2023ಕ್ಕ ಮಳಿ ಹೋಗಿ ರಾಜ್ಯದ 223 ತಾಲೂಕು ಬರಪೀಡಿತ ಅಂತ ಆದಾಗ, ಮುಂದಿನ ಬ್ಯಾಸಗಿ ಸೂಟಿಯೊಳಗೂ ಶಾಲ್ಯಾಗ ಊಟ ಹಾಕಿದ್ವಿ. ಕೆಲವು ದಿನ ಬಾಳ ಕಮ್ಮಿ ಹುಡುಗುರು ಬರ್ತಿದ್ರು, ಬಿಸಲಿಗೆ ಬರಿಗಾಲಲೆ. ಬಾರದವರ ಮನಿಗೆ ನಾವು ಹೋಗಿ ಕರಕೊಂಡು ಬಂದ್ವಿ, ಯಾರ ಮನಿ ಎಲ್ಲೈತಿ, ಯಾರು ಊರಾಗ ಅದಾರ, ಯಾರು ಗುಳೆ ಹೋಗ್ಯಾರ ಅಂತ ನಮಗ ಗೊತ್ತಿತ್ತು. ಪಂಚಾಯ್ತಿಯ ಎಲ್ಲಾ ಶಾಲಿ ಲೆಕ್ಕ ಹೊತ್ತ ಒಬ್ಬಾಕಿ ಹೆಣ್ಣಮಗಳು ಆ ಹುಡುಗುರ ಬಾಗಲಿಗೆ ಹೋಗಾಕ ಎಲ್ಲಿ ಪುರಸತ್ತು, ಹಾಜರಿ ಕಮ್ಮಿ ಅಂತ ಬರದು ಆ ದಿನದ ಅಕ್ಕಿ ಉಳಿಸಿದಂಗ ಆಕ್ಕಿತ್ತು ಅಷ್ಟ.